ಬೀಗದವನ ಕಂಪ್ಯೂಟರ್ ಕಾವಲು

ನಲವತ್ತೊಂದು ವರ್ಷದಿಂದ ಬೀಗ ರಿಪೇರಿ ಮಾಡುತ್ತ ಬಂದವನು ನಾನು. ಗುರು ಇಲ್ಲ, ಪುಸ್ತಕ ಇಲ್ಲ, ಎಲ್ಲ ಈ ಕಿವಿಯಿಂದಲೇ ಕಲಿತದ್ದು. ತಂತಿ ತೂರಿಸಿ ಕಿವಿಗೊಟ್ಟರೆ ಸಾಕು, ಎಂಥ ಮೊಂಡು ಬೀಗವೂ ತನ್ನ ಕಷ್ಟಸುಖವನ್ನೆಲ್ಲ ನನ್ನ ಹತ್ತಿರ ಹೇಳಿಕೊಳ್ಳುತ್ತದೆ. ಅಂಥವನು ಇಬ್ಬರು ಮೊಮ್ಮಕ್ಕಳ ಕಂಪ್ಯೂಟರಿಗೆ ಕಾವಲು ಹಾಕಲಾರೆನೇ? ಹಾಕಿಯೇ ತೀರುತ್ತೇನೆಂದು ಮೀಸೆ ತಿರುವಿದೆ. ಆ ಮೀಸೆ ಈಗ ಯಾವ ದಿಕ್ಕಿಗೆ ನೋಡುತ್ತಿದೆ ಎಂದು ದಯವಿಟ್ಟು ಕೇಳಬೇಡಿ!

ಜಗಳ ಹುಟ್ಟಿದ್ದು ಕಿಟಕಿಯಿಂದ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಕಿಟಕಿ. ಅದರ ಕೆಳಗೆ ನನ್ನ ಕೆಲಸದ ಮೇಜು. ಅರ, ಇಕ್ಕಳ, ಡಬ್ಬಿಗಟ್ಟಲೆ ಸ್ಪ್ರಿಂಗು, ಜಗತ್ತಿನ ಯಾವ ಬೀಗಕ್ಕೂ ಸೇರದ ಮುನ್ನೂರು ಬೀಗದ ಕೈಗಳು. ಮೇಜಲ್ಲ ಅದು, ನನ್ನ ಸಿಂಹಾಸನ! ಅದರ ಮೇಲೆ ಸೊಸೆಯ ಕಣ್ಣು ಬಿತ್ತು. ಅವಳು ಆಸ್ಪತ್ರೆಯಲ್ಲಿ ನರ್ಸು. ಸೂಜಿ ಚುಚ್ಚುವ ಮೊದಲು ಹತ್ತಿ ಒರೆಸುವವಳಂತೆ ನಯವಾಗಿ ಶುರು ಮಾಡಿದಳು.

“ಮಾವ, ಹುಡುಗೀರಿಗೆ ಪರೀಕ್ಷೆ ಹತ್ರ ಬಂತು, ಓದೋಕೆ ರಜೆ ಕೊಟ್ಟಿದ್ದಾರೆ. ಕಿಟಕಿ ಹತ್ರ ಅವರಿಗೊಂದು ಮೇಜು ಹಾಕೋಣ ಅಂತ. ನಿಮ್ಮ ಸಾಮಾನು ಸ್ವಲ್ಪ ಹಿಂದಕ್ಕೆ...”

“ಬೆಳಕು ಬೇಕಾಗಿರೋದು ಓದೋರಿಗಮ್ಮ. ಇವರಿಬ್ರೂ ಮೂರು ಹೊತ್ತೂ ಕಂಪ್ಯೂಟರಲ್ಲಿ ಆಡ್ತಾರೆ. ಅದಕ್ಕೆ ಕತ್ತಲೇ ಸಾಕು!”

“ಆಡ್ತಾರೆ ಅಂತ ನಿಮಗೆ ಹೇಗೆ ಗೊತ್ತು?”

“ಒಂದು ವಾರ ಕೊಡು. ಸಾಕ್ಷಿ ಸಮೇತ ತೋರಿಸ್ತೀನಿ.”

“ಆಯ್ತು. ಆಟವೇ ಹೆಚ್ಚು ಅಂತಾದ್ರೆ ಮೇಜಿನ ಸುದ್ದಿ ಎತ್ತಲ್ಲ. ಓದೇ ಹೆಚ್ಚು ಅಂತಾದ್ರೆ ಕಿಟಕಿ ಮಕ್ಕಳದು.”

ಮೊಮ್ಮಕ್ಕಳು ಆಡಿ ಆಡಿ ಹಾಳಾಗಲಪ್ಪಾ ಎಂದು ಮನಸಾರೆ ಹಾರೈಸಿದ ತಾತ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು!

ನಡುಮನೆಯ ಕಂಪ್ಯೂಟರಿಗೆ ನಿಗಾ ಇಡುವ ತಂತ್ರಾಂಶವೊಂದನ್ನು ಇಳಿಸಿದೆ. ಯಾರನ್ನೂ ಕೇಳಲಿಲ್ಲ; ಎರಡು ದಿನ ಅದರ ಜೊತೆ ನಾನೇ ಗುದ್ದಾಡಿದೆ. ಆಟವನ್ನು ತೆರೆದ ತಕ್ಷಣ ನನ್ನ ಜೇಬಿನ ಫೋನು ಆಂಬುಲೆನ್ಸಿನಂತೆ ಊಳಿಡಬೇಕು. ಆಡುವವರ ಫೋಟೊವನ್ನು ಕಂಪ್ಯೂಟರೇ ತೆಗೆದಿಟ್ಟುಕೊಳ್ಳಬೇಕು. ಭಾನುವಾರ ವರದಿ ಒಪ್ಪಿಸಬೇಕು. “ಅಲ್ಲೀವರೆಗೆ ಫೋಟೊ ನೀವೂ ನೋಡಬಾರದು, ನಾನೂ ನೋಡಬಾರದು” ಎಂದು ಸೊಸೆ ಗುಟ್ಟಿನ ಪಾಸ್‌ವರ್ಡ್ ತಾನೇ ಹಾಕಿದಳು. ಕೆಲಸಕ್ಕೆ ಹೋದಾಗ ನಾನು ಫೋನಿನ ಬಾಯಿ ಕಟ್ಟಿಬಿಡುತ್ತೇನೆ. ಬೀಗದ ಒಳದನಿ ಕೇಳುವ ಕಿವಿಗೆ ಅದರ ಕಿರುಚಾಟ ಆಗದು. ಈ ಸೈರನ್ನಿಗೆ ಮಾತ್ರ ವಿನಾಯಿತಿ ಕೊಟ್ಟೆ.

ನನ್ನಾಕೆ ಸೌಟು ಹಿಡಿದು ನಿಂತು ಎಲ್ಲ ನೋಡುತ್ತಿದ್ದಳು.

“ಅಂದ್ರೆ, ಇದನ್ನ ಒತ್ತಿದ್ರೆ ನೀವು ಎಲ್ಲಿದ್ರೂ ಓಡಿ ಬರ್ತೀರಾ?”

“ಎದ್ದೆನೋ ಬಿದ್ದೆನೋ ಅಂತ ಬರ್ತೀನಿ!”

“ಓಹೋ” ಎಂದು ಒಳಗೆ ಹೋದಳು.

ಸೋಮವಾರ ಚಪ್ಪಲಿ ಅಂಗಡಿಯ ಬಾಗಿಲ ಬೀಗಕ್ಕೆ ತಂತಿ ತೂರಿಸಿದ್ದೆ, ಅಷ್ಟೆ. ಜೇಬು ಊಳಿಟ್ಟಿತು! ಗೆದ್ದೆ ಎಂದುಕೊಂಡು ಓಡಿದೆ. ಮನೆಯಲ್ಲಿ ನೋಡಿದರೆ ಹುಡುಗಿಯರಿಬ್ಬರೂ ನೆಲದ ಮೇಲೆ ಬೋರಲು ಮಲಗಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದಾರೆ. ಏನು ನಾಟಕ, ಏನು ಚುರುಕು!

“ಯಾರು ಆಡಿದ್ದು?”

“ನಾವಲ್ಲ ತಾತ” ಎಂದಳು ದೊಡ್ಡವಳು, ತಲೆ ಎತ್ತದೆ. ಚಿಕ್ಕವಳಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

“ಹಾಗಾದ್ರೆ ಕಂಪ್ಯೂಟರ್ ತಾನಾಗೇ ಆಡ್ಕೊಂಡಿತಾ?”

“ಬಂದ್ರಾ?” ನನ್ನಾಕೆ ಅಡುಗೆಮನೆಯಿಂದ ಇಣುಕಿದಳು. “ಹೇಗೂ ಬಂದಿದೀರಿ, ಈ ಡಬ್ಬದ ಮುಚ್ಚಳ ತೆಗೆದುಕೊಡಿ. ಬಿಗಿದು ಕೂತಿದೆ.”

ತೆಗೆದುಕೊಟ್ಟೆ.

ಮಂಗಳವಾರ ಎರಡು ಸಲ ಊಳಿಟ್ಟಿತು. ಹೇಗೂ ಬಂದಿದ್ದೆನಲ್ಲ, ಅಟ್ಟದಿಂದ ಪಾತ್ರೆ ಇಳಿಸಿಕೊಟ್ಟೆ, ಸೋರುವ ನಲ್ಲಿಗೆ ದಾರ ಸುತ್ತಿದೆ. ಬುಧವಾರ ನಾಲ್ಕು ಸಲ. ಹೇಗೂ ಬಂದಿದ್ದೆನೆಂದು ಮಂಚ ಸರಿಸಿದೆ, ಬಿಸಿ ಊಟ ಮಾಡಿದೆ, ಕುಕ್ಕರಿನ ಹಿಡಿ ಬಿಗಿದೆ, ಮಂಚವನ್ನು ಇದ್ದಲ್ಲಿಗೇ ವಾಪಸು ಸರಿಸಿದೆ. ಓಡಿ ಓಡಿ ಮಂಡಿ ಸವೆಯಿತು, ಗಿರಾಕಿಗಳು ಬೈದರು. ಆದರೆ ಒಂದೊಂದು ಊಳಿಗೂ ನನ್ನ ಮೇಜಿನ ಕಾಲು ಕಿಟಕಿಯ ಕೆಳಗೆ ಇನ್ನಷ್ಟು ಗಟ್ಟಿಯಾಗಿ ಬೇರು ಬಿಡುತ್ತಿತ್ತು. ಹಲ್ಲು ಕಚ್ಚಿ ಸಹಿಸಿದೆ.

ಹಲ್ಲು ಎಂದಾಗ ನೆನಪಾಯಿತು. ಗುರುವಾರ ಹಲ್ಲಿನ ಡಾಕ್ಟರಮ್ಮ ತಮ್ಮ ಮನೆಯ ಬಚ್ಚಲಲ್ಲೇ ಸಿಕ್ಕಿಕೊಂಡಿದ್ದರು. ಒಳಗಿನ ಚಿಲಕದ ಬೀಗ ಕಚ್ಚಿಕೊಂಡಿತ್ತು. ನಾನು ಹೊರಗೆ ಕುಕ್ಕರಗಾಲಲ್ಲಿ ಕೂತು ಕಿವಿ ಆನಿಸಿದ್ದೆ. ಇನ್ನೇನು ಬೀಗ ಬಾಯಿ ಬಿಡಬೇಕು, ಜೇಬು ಬಾಯಿ ಬಿಟ್ಟಿತು!

“ಎಲ್ಲಿಗ್ರೀ ಹೊರಟ್ರಿ?” ಒಳಗಿನಿಂದ ಕೂಗು.

“ಐದೇ ನಿಮಿಷ ಡಾಕ್ಟ್ರೇ! ಮನೇಲಿ ಕಳ್ಳರು ಸಿಕ್ಕಿಬಿದ್ದಿದ್ದಾರೆ!”

ಮನೆಯಲ್ಲಿ ಕಳ್ಳರಿರಲಿಲ್ಲ. ಬಲ್ಬು ಬದಲಿಸಬೇಕಿತ್ತು. ಮುಕ್ಕಾಲು ಗಂಟೆ ಬಿಟ್ಟು ಬಂದು ಬಾಗಿಲು ತೆರೆದಾಗ ಡಾಕ್ಟರಮ್ಮ ಬೆವರು ಒರೆಸಿಕೊಳ್ಳುತ್ತ ತಣ್ಣಗೆ ಹೇಳಿದರು: “ನಿಮಗೆ ಹಲ್ಲುನೋವು ಬಂದಾಗ ನನ್ನ ಹತ್ರಾನೇ ಬನ್ನಿ. ಅರ್ಧ ಕಿತ್ತು ಊಟಕ್ಕೆ ಹೋಗ್ತೀನಿ.”

ಅಂತೂ ಭಾನುವಾರ ಬಂತು. ಮನೆಮಂದಿಯೆಲ್ಲ ಕಂಪ್ಯೂಟರಿನ ಸುತ್ತ ಕೂತರು. ತೀರ್ಪು ಓದುವ ಜಡ್ಜಿನಂತೆ ಗಂಟಲು ಸರಿಮಾಡಿಕೊಂಡೆ.

“ಪಾಠ, ಎರಡು ಗಂಟೆ. ಆಟ, ಹತ್ತೊಂಬತ್ತು ಬಾರಿ, ಒಟ್ಟು ಒಂಬತ್ತು ಗಂಟೆ! ಏನಮ್ಮ, ಇನ್ನೇನು ಹೇಳ್ತೀಯ?”

ಸೊಸೆಯ ಮುಖ ಬಾಡಿತು. “ಫೋಟೊ ನೋಡೋಣ ಮಾವ” ಎಂದಳು.

“ಧಾರಾಳವಾಗಿ ನೋಡು!”

ಮೊದಲನೇ ಫೋಟೊ ತೆರೆಯಿತು. ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಸೌಟು, ಕಚ್ಚಿಕೊಂಡ ನಾಲಿಗೆ. ನನ್ನಾಕೆ! ಎರಡನೆಯದೂ ಅವಳೇ. ಏಳನೆಯದರಲ್ಲಿ ಅವಳ ಹಿಂದೆ, ಅವಳಿಗೆ ಬೆನ್ನು ಹಾಕಿ ಮಂಚ ನೂಕುತ್ತಿರುವ ಒಬ್ಬ ಮುದುಕ. ಆ ಮುದುಕ ಯಾರೆಂದು ನಾನು ಹೇಳುವುದಿಲ್ಲ.

“ನೀನಾ?!”

“ಏನ್ ಮಾಡ್ಲಿ ಮತ್ತೆ? ಹತ್ತು ಸಲ ಫೋನ್ ಮಾಡಿದ್ರೂ ಎತ್ತಲ್ಲ. ಮದುವೆ ಆದಾಗಿಂದ ಕೂಗಿ ಕೂಗಿ ನನ್ನ ಗಂಟಲು ಹೋಯ್ತು. ಇದನ್ನ ಒಂದು ಸಲ ಒತ್ತಿದೆ, ಬಾಗಿಲಲ್ಲಿ ನಿಂತಿದ್ರಿ!”

“ಒತ್ತಿದ್ರೆ ಸಾಕಿತ್ತಲ್ಲೇ! ಒಂಬತ್ತು ಗಂಟೆ ಯಾಕೆ ಆಡಿದೆ?”

“ನೀವು ಬರೋತನಕ ಸುಮ್ನೆ ಕೂತಿರ್ಲಾ? ಮೂವತ್ತನೇ ಹಂತದಲ್ಲಿದೀನಿ, ಗೊತ್ತಾ?”

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಹೊರಳಾಡಿದರು. “ಹೇಳಬೇಡಿ ಅಂತ ಅಜ್ಜಿ ಆಣೆ ಹಾಕಿಸಿದ್ಲು ತಾತ!”

ಮುಳುಗುವವನಿಗೆ ಕೊನೆಯದಾಗಿ ಒಂದು ಹಗ್ಗ ಕಂಡಿತು. “ಇರ್ಲಿ! ಆಟವೇ ಹೆಚ್ಚು ಆಯ್ತು ತಾನೇ? ಯಾರ ಆಟ ಅಂತ ನಾವು ಮಾತಾಡಿರ್ಲಿಲ್ಲ! ಮೇಜು ನಂದೇ!”

ಸೊಸೆ ವಾದಕ್ಕೆ ನಿಲ್ಲಲಿಲ್ಲ. ಫೋಟೊಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನನ್ನಾಕೆಯ ಭುಜದ ಹಿಂದೆ ಬೆರಳಿಟ್ಟಳು. ಹತ್ತೊಂಬತ್ತರಲ್ಲೂ ಹುಡುಗಿಯರು ನೆಲದ ಮೇಲೆ, ಮುಂದೆ ಪುಸ್ತಕ. ಮುಂದಿನ ಕೋಣೆಯ ಕಿಟಕಿಯಿಂದ ನನ್ನ ಮೇಜಿನ ಕಾಲುಗಳ ಸಂದಿಯಲ್ಲಿ ನುಸುಳಿ ಒಂದು ಚೂರು ಬೆಳಕು ನಡುಮನೆಗೆ ಬೀಳುತ್ತಿತ್ತು. ಬೆಳಗಿನ ಫೋಟೊದಲ್ಲಿ ಅದು ಗೋಡೆಯ ಹತ್ತಿರ. ಇಬ್ಬರೂ ಗೋಡೆಯ ಹತ್ತಿರ. ಮಧ್ಯಾಹ್ನ ಅದು ಕಂಬದ ಬುಡದಲ್ಲಿ. ಇಬ್ಬರೂ ಕಂಬದ ಬುಡದಲ್ಲಿ. ಸಂಜೆಯ ಫೋಟೊದಲ್ಲಿ ಹೊಸ್ತಿಲ ಮೇಲೆ ಬೆರಳಗಲ ಉಳಿದಿತ್ತು. ಅದರೊಳಗೆ ಎರಡು ಪುಸ್ತಕ ಹೇಗೆ ಹಿಡಿಸಿದ್ದರೋ!

“ಬೆಳಕು ಸರಿದ ಹಾಗೆ ಸರಿದಿದ್ದಾರೆ ಮಾವ” ಎಂದಳು ಸೊಸೆ, ಅಷ್ಟೆ.

ಬೀಗದ ಒಳಗಿನ ಮಿಸುಕಾಟ ಕೇಳುವ ಕಿವಿ ನನ್ನದು. ಆರು ದಿನ ಅದೇ ನೆಲವನ್ನು ದಾಟಿ ಓಡಾಡಿದ ನನ್ನ ಕಣ್ಣಿಗೆ ಇದು ಕಾಣಲಿಲ್ಲ. ಯಾರೂ ಹೇಳುವ ಮೊದಲೇ ಎದ್ದು ಮೇಜಿನ ಒಂದು ತುದಿ ಹಿಡಿದೆ. ಇನ್ನೊಂದು ತುದಿ ಮಗ ಹಿಡಿದ.

ನನ್ನ ಸಿಂಹಾಸನ ಈಗ ಹಿಂದಿನ ಓಣಿಯಲ್ಲಿದೆ, ಅಡುಗೆಮನೆಯ ಗೋಡೆಗೆ ಅಂಟಿಕೊಂಡು. ಮೊದಲ ದಿನ ಅಲ್ಲಿ ಕೂತು ಅರ ಕೈಗೆತ್ತಿಕೊಳ್ಳುತ್ತಿದ್ದಂತೆ ನನ್ನಾಕೆ ಬಂದು ಜಾಗವನ್ನೆಲ್ಲ ಅಳೆದು ನೋಡಿ, ಬಹಳ ತೃಪ್ತಿಯಿಂದ ತಲೆಯಾಡಿಸಿದಳು.

“ಒಳ್ಳೇದೇ ಆಯ್ತು ಬಿಡಿ. ಇನ್ನು ಆ ಆಟ ಒತ್ತೋ ತಾಪತ್ರಯ ಇಲ್ಲ. ಸೌಟಿನಿಂದ ಗೋಡೆಗೆ ಒಂದು ಬಡಿದ್ರೆ ಸಾಕು, ಬರ್ತೀರಿ.”

ಒಳಗೆ ಹೋದಳು. ಬಡಿದಳು.

ಹೋದೆ.