ಕುತ್ತಿಗೆ ಇಲ್ಲದವರು ಮರಳಿ ಬಂದ ವಾರ

ಮಂದಿಯ ಮಾಳಿಗೆ ಹತ್ತಿ ಇಳಿಯುವುದೇ ಹೊಟ್ಟೆಪಾಡಾದವನು ನಗೆಯ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಏಣಿಯ ಕೆಳಗೆ ಕಾಯುತ್ತ ನಿಂತಿರುತ್ತವೆ. ನಾನು ಟಿವಿಯ ಡಿಶ್ ಕೂರಿಸುವ ಮೆಕ್ಯಾನಿಕ್. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ. ಆ ಕಡೆ ತಿಕೋಟಾ, ಈ ಕಡೆ ಬಬಲೇಶ್ವರ, ನಡುವಿನ ಹಳ್ಳಿಗಳೆಲ್ಲ ನನ್ನ ಪಾಲಿಗೆ.

ಈಗ ಹೇಳುವುದೆಲ್ಲ ಒಂದೇ ವಾರದಲ್ಲಿ ನಡೆದದ್ದು. ಆ ವಾರ ಟಿವಿ ಹಚ್ಚಿದರೆ ಸಾಕು, ಒಂದೇ ಜಾಹೀರಾತು: ‘ಅವರು ಮರಳಿ ಬರುತ್ತಿದ್ದಾರೆ! ಭಾನುವಾರ ಸಂಜೆ ಆರಕ್ಕೆ!’ ಅವರು ಅಂದರೆ ಬೇರೆ ಗ್ರಹದ ದುಷ್ಟರು. ಬೂದು ಮೈ, ಕುತ್ತಿಗೆ ಎಂಬುದೇ ಇಲ್ಲ, ತಲೆ ನೇರ ಭುಜದ ಮೇಲೆ. ಪರದೇಶದ ಧಾರಾವಾಹಿ, ಕನ್ನಡಕ್ಕೆ ಡಬ್ ಮಾಡಿದ್ದು. ಮೂರು ವರ್ಷದ ಹಿಂದೆ ಇವರು ಭೂಮಿಗೆ ಮುತ್ತಿಗೆ ಹಾಕಿ, ಸೋತು, ಹಡಗು ಹತ್ತಿ ಓಡಿಹೋಗಿದ್ದರು. ಆ ಕಂತನ್ನು ನಾನೂ ನನ್ನ ಹೆಂಡತಿಯೂ ಜೊತೆಗೆ ಕೂತು ನೋಡಿದ್ದೆವು.

‘ಇವ್ರು ಹೋಗಿಲ್ರಿ. ಮತ್ತ ಬರ್ತಾರ, ಬರದಿಟ್ಕೋರಿ’ ಅಂದಿದ್ದಳು ಅವಳು.

‘ಇನ್ನೆಲ್ಲಿ ಬರ್ತಾರ, ಮುಗೀತು ಅವರ ಕಥಿ’ ಅಂದಿದ್ದೆ ನಾನು.

ಅದಾಗಿ ಎಂಟು ತಿಂಗಳಿಗೆ ಅವಳೇ ತೀರಿಕೊಂಡಳು. ಈಗ ಅವಳ ಮಾತು ಖರೆಯಾಗಿತ್ತು. ಸೋತೆ ಅಂತ ಒಪ್ಪಿಕೊಳ್ಳೋಣವೆಂದರೆ ಕೇಳುವವರು ಮನೆಯಲ್ಲಿಲ್ಲ. ಈ ಹೊಸ ಕಂತನ್ನು ಒಬ್ಬನೇ ಕೂತು ನೋಡುವುದು ನನ್ನಿಂದಾಗದು ಅನಿಸಿಬಿಟ್ಟಿತು. ಹೀಗಾಗಿ ಆ ವಾರ ನಾನು ಹೋದ ಕಡೆಯೆಲ್ಲ ಟಿವಿ ರಿಪೇರಿ ನೆಪ ಮಾತ್ರ. ಹುಡುಕುತ್ತಿದ್ದದ್ದು ಭಾನುವಾರ ಸಂಜೆಗೆ ಒಂದು ಜೊತೆ.

೧. ದೂರದಿಂದ ಬಂದವರು

ತಿಕೋಟಾದ ಒಂದು ಮನೆ. ಹನ್ನೊಂದು ಮಂದಿಯ ತುಂಬು ಕುಟುಂಬ. ಟಿವಿಗೆ ದನಿಯೇ ಇಲ್ಲ ಅಂತ ಕಂಪ್ಲೇಂಟು. ಹೋಗಿ ನೋಡಿದರೆ ಯಾರೋ ರಿಮೋಟಿನ ಮ್ಯೂಟ್ ಒತ್ತಿದ್ದರು, ಅಷ್ಟೇ. ಒತ್ತಿ ದನಿ ಬರಿಸಿದೆ. ಮನೆಯ ಅಜ್ಜಿ ಸಂತೋಷಪಟ್ಟು ಚಹಾ ಮಾಡಲು ಹೇಳಿದರು. ಅಷ್ಟರಲ್ಲಿ ಜಾಹೀರಾತು ಬಂತು. ಕುತ್ತಿಗೆ ಇಲ್ಲದವರು ಸಾಲಾಗಿ ಹಡಗಿನಿಂದ ಇಳಿದರು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

‘ಇವ್ರು ಯಾರ ಪೈಕಿ ತಮ್ಮಾ?’

‘ನಮ್ಮ ಪೈಕಿ ಅಲ್ಲ ಯವ್ವಾ, ಬ್ಯಾರೆ ಗ್ರಹದವರು. ಭಾಳ ಕೆಟ್ಟ ಮಂದಿ.’

‘ಎಷ್ಟ ದೂರ ಆಗ್ತೈತಿ ಅದು?’

‘ಹೊಂಟ್ರ ಸಾವಿರಾರು ವರ್ಷ ಬೇಕಂತ.’

ಅಷ್ಟರಲ್ಲಿ ಪರದೆಯ ಮೇಲೆ ಸೈನಿಕರು ಬಂದೂಕು ಹಾರಿಸತೊಡಗಿದರು. ಅಜ್ಜಿಗೆ ಸಿಟ್ಟೇ ಬಂತು. ‘ಅಷ್ಟ ದೂರದಿಂದ ಬಂದಾರ, ಒಂದ್ ತಂಬಿಗಿ ನೀರ ಕೊಟ್ಟವರಿಲ್ಲ, ಕೂಡ್ರಿ ಅಂದವರಿಲ್ಲ. ಬಂದ ಕೂಡ್ಲೆ ಹೊಡ್ಯಾಕ ನಿಂತ್ರ ಅವ್ರರ ಏನ್ ಮಾಡ್ಬೇಕು? ಕೆಟ್ಟವರ ಆಗ್ತಾರ!’

ಇವರೇ ಸರಿಯಾದ ಜೊತೆ ಅನಿಸಿತು ನನಗೆ. ‘ಯವ್ವಾ, ರವಿವಾರ ಸಂಜಿಕ ಪೂರಾ ಕಥಿ ತೋರಸ್ತಾರ. ನಾನೂ ಬರ್ಲ್ಯಾ, ಕೂಡೇ ನೋಡೋಣಂತ?’

‘ರವಿವಾರ ಸಂಜಿಕ ನಂದು ಭಜನಿ ಐತೆಪ್ಪಾ’ ಅಂದರು ಅಜ್ಜಿ. ಆಮೇಲೆ ಟಿವಿಯತ್ತ ಬೆರಳು ಮಾಡಿ, ‘ನಿನ್ನ ಕಂಪನಿಗೆ ಫೋನ್ ಹಚ್ಚು. ಅವ್ರಿಗೆ ಸೋಮವಾರ ಬರಾಕ ಹೇಳು.’

೨. ಉಪ್ಪು ಸರಿ ಐತಿ

ಸಾರವಾಡದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಎರಡು ದಿನದಿಂದ ಟಿವಿಯಲ್ಲಿ ಕಪ್ಪು ಕತ್ತಲೆ. ಗಂಡ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿ ಕೇಳಿದ: ‘ಸಾಹೇಬ್ರ, ಆ ಕುತ್ತಿಗಿ ಇಲ್ದವ್ರು ಖರೇನ ಸಮೀಪ ಬಂದಾರೇನ್ರಿ? ಸಿಗ್ನಲ್‌ಗೆ ಅಡ್ಡ ನಿಂತಾರಂತ ಕಾಣ್ತೈತಿ.’

ಮಾಳಿಗೆ ಹತ್ತಿ ನೋಡಿದೆ. ತೆಂಕಣ ದಿಕ್ಕಿಗೆ ಮುಖ ಮಾಡಬೇಕಾದ ಡಿಶ್ಶು ಊಟದ ತಾಟಿನ ಹಾಗೆ ಆಕಾಶ ನೋಡುತ್ತ ಮಲಗಿದೆ. ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಸಾಲಾಗಿ ಸಾಬೂದಾಣಿ ಸಂಡಿಗೆ.

‘ಇದರ ನಟ್ಟು ಯಾರ ಸಡಲ ಮಾಡಿದ್ರು?’ ಅಂತ ಮೇಲಿನಿಂದಲೇ ಕೂಗಿದೆ.

‘ನಾನ ರಿ’ ಅಂದಳು ಹೆಂಡತಿ, ಕೈಯಲ್ಲಿ ಇಕ್ಕಳ ಹಿಡಿದೇ. ‘ಮ್ಯಾಲ ಸುಮ್ಮ ಖಾಲಿ ಇತ್ತಲ್ರಿ. ಕೋಳಿ ಹತ್ತಂಗಿಲ್ಲ, ಇರವಿ ಮುತ್ತಂಗಿಲ್ಲ. ಭಾಳ ಛಲೋ ಒಣಗ್ತಾವ.’

ಕೆಳಗಿಳಿದು ಬಂದು ಖಡಕ್ಕಾಗಿಯೇ ಹೇಳಿದೆ: ಸಂಡಿಗೆ ಇಲ್ಲವೇ ಧಾರಾವಾಹಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಧಾರಾವಾಹಿ ಅಂದರೆ ಭಾನುವಾರ ನಾನೇ ಬಂದು ಸಿಗ್ನಲ್ ನೋಡಿಕೊಂಡು ಇಲ್ಲೇ ಕೂರುತ್ತೇನೆ ಅಂತಲೂ ಸೇರಿಸಿದೆ. ಗಂಡ ಹೆಂಡತಿಯ ಮುಖ ನೋಡಿದ. ಆಮೇಲೆ ತಾನೇ ಮಾಳಿಗೆ ಹತ್ತಿ, ಅರ್ಧ ಒಣಗಿದ ಒಂದು ಸಂಡಿಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದ.

‘ಉಪ್ಪ ಸರಿ ಐತಿ’ ಅಂದ. ‘ಧಾರಾವಾಹಿ ಬ್ಯಾಡ ಬಿಡ್ರಿ.’

೩. ಬಟ್ಟೆ ಎಲ್ಲಿ ಕಟ್ಟಬೇಕು

ಬಬಲೇಶ್ವರದ ಕಟಿಂಗ್ ಅಂಗಡಿಯ ಟಿವಿ ರಿಪೇರಿ ಮಾಡಿ ಮುಗಿಸುವುದಕ್ಕೂ ಜಾಹೀರಾತು ಬರುವುದಕ್ಕೂ ಸರಿಹೋಯಿತು. ಕುತ್ತಿಗೆ ಇಲ್ಲದವರ ನಾಯಕ ಎದೆಯುಬ್ಬಿಸಿ, ‘ಭೂವಾಸಿಗಳೇ, ನಾವು ಮರಳಿ ಬಂದಿದ್ದೇವೆ. ಕೂಡಲೇ ಶರಣಾಗಿರಿ’ ಅಂದ.

ಖುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಹೇಳಿದ: ‘ಬ್ಯಾರೆ ಗ್ರಹದವರಲ್ಲ ಬಿಡ್ರಿ, ಮಾತ ಕೇಳಿದ್ರ ಬೆಂಗಳೂರ ಕಡೆಯವರಿದ್ದಂಗ ಅದಾರ.’

ಕ್ಷೌರಿಕನಿಗೆ ಅವರ ಊರಿನ ಚಿಂತೆ ಇರಲಿಲ್ಲ. ಬ್ಲೇಡು ಕೆಳಗಿಟ್ಟು ಪರದೆಯನ್ನೇ ನೋಡುತ್ತ, ‘ಇವ್ರು ಅಂಗಡಿಗೆ ಬಂದ್ರ ನಾ ಬಟ್ಟಿ ಎಲ್ಲಿ ಕಟ್ಟಲಿ?’ ಅಂದ.

ಎಲ್ಲರೂ ನಕ್ಕೆವು. ಅಷ್ಟು ಮಂದಿ ಜೊತೆಗೆ ನಕ್ಕು ನನಗೆ ಬಹಳ ದಿನವಾಗಿತ್ತು. ಭಾನುವಾರ ಬರಲೇ ಅಂತ ಕೇಳಿದೆ. ‘ರವಿವಾರ ನಿಲ್ಲಾಕೂ ಜಾಗ ಇರೂದಿಲ್ರಿ. ಟಿವಿನೂ ಹಚ್ಚಂಗಿಲ್ಲ, ಗಿರಾಕಿ ಮಾರಿ ತಿರುವಿದ್ರ ಕಿವಿ ಹೋಗ್ತೈತಿ’ ಅಂದ.

ಕೆಲಸ ಮುಗಿದಿತ್ತು, ಎದ್ದು ಹೋಗಬೇಕು. ಮನಸ್ಸು ಬರಲಿಲ್ಲ. ಖುರ್ಚಿ ಖಾಲಿಯಾದ ತಕ್ಷಣ ನಾನೇ ಹೋಗಿ ಕೂತು, ದಾಡಿ ಮಾಡು ಅಂದೆ. ಕ್ಷೌರಿಕ ನೊರೆ ಹಚ್ಚಿ, ಬ್ಲೇಡು ಆಡಿಸಿ, ನಿಂತುಬಿಟ್ಟ. ಬೆರಳಿನಿಂದ ಕೆನ್ನೆ ಸವರಿ ನೋಡಿದ.

‘ಸಾಹೇಬ್ರ, ಮುಂಜಾನೆ ಮನ್ಯಾಗ ಮಾಡ್ಕೊಂಡ ಬಂದೀರೇನ್ರಿ? ಇಲ್ಲಿ ಒಂದೂ ಕೂದಲಾ ಇಲ್ಲಲ್ರಿ?’

‘ಸಾವಕಾಶ ಹುಡುಕಪ್ಪಾ’ ಅಂದೆ. ‘ಸಿಗ್ತಾವ.’

೪. ನೆರೆಯವರು

ನಮ್ಮ ಬಡಾವಣೆಯ ಎಲ್ಲ ಮನೆಗಳಿಗೂ ಡಿಶ್ ಕೂರಿಸಿದವನು ನಾನೇ. ಎಲ್ಲರ ಮಾಳಿಗೆ ಗೊತ್ತು, ಒಬ್ಬರ ಪಡಸಾಲೆಯೂ ಗೊತ್ತಿಲ್ಲ. ಶನಿವಾರ ಧೈರ್ಯ ಮಾಡಿ ಎದುರು ಮನೆಯವರ ಗೇಟು ಬಡಿದೆ. ಗೇಟಿನ ಒಳಗೇ ನಿಂತು ಮಾತಾಡಿಸಿದರು.

‘ನಾಳೆ ಸಂಜಿಕ ನಮ್ಮನಿಗೆ ಟಿವಿ ನೋಡಾಕ ಬರ್ರಿ’ ಅಂದೆ.

‘ನಮ್ಮನ್ಯಾಗನೂ ಟಿವಿ ಐತಲ್ರಿ, ನೀವ ಕೂಡ್ಸಿ ಕೊಟ್ಟೀರಿ.’

‘ಗೊತ್ತೈತ್ರಿ. ಸುಮ್ನ, ಕೂಡೇ ನೋಡೋಣಂತ.’

‘ಏನರ ಹೊಸಾ ಸ್ಕೀಮ್ ಬಂದೈತೇನ್ರಿ?’

‘ಸ್ಕೀಮ್ ಇಲ್ರಿ. ಚಾ ಕುಡ್ಯೋಣು, ಭಜಿ ತಿನ್ನೋಣು, ಅಷ್ಟ.’

ಅವರ ಮುಖದಲ್ಲಿ ಸಂಶಯ ದಟ್ಟವಾಗುತ್ತ ಹೋಯಿತು. ಚಹಾ, ಭಜಿ, ಅದೂ ಪುಕ್ಕಟೆ! ಗೇಟಿನ ಚಿಲಕ ಭದ್ರ ಮಾಡಿಕೊಂಡು ಹೇಳಿದರು: ‘ಎಷ್ಟರ ಹೇಳ್ರಿ, ನಾವು ಮಾತ್ರ ಏನೂ ಕೊಳ್ಳಂಗಿಲ್ಲ.’

೫. ಗ್ರಾಹಕರ ಅಭಿಪ್ರಾಯ

ಭಾನುವಾರ ನನಗೆ ರಜೆ. ಅವತ್ತು ನಗರದ ಕಂಪ್ಲೇಂಟೆಲ್ಲ ಇನ್ನೊಬ್ಬ ಮೆಕ್ಯಾನಿಕ್ ನೋಡುತ್ತಾನೆ. ಬಲು ಮಾತುಗಾರ, ಒಂದು ಕಪ್ ಚಹಾ ಕೊಟ್ಟರೆ ಒಂದು ತಾಸು ಏಳುವವನಲ್ಲ. ಸುಮ್ಮನೆ ಕರೆದರೆ ಇವನೂ ಸ್ಕೀಮ್ ಅಂದಾನು; ಕಂಪ್ಲೇಂಟು ಹೋದರೆ ಮಾತ್ರ ಬರಲೇಬೇಕು. ಆಗ ನನಗೊಂದು ಉಪಾಯ ಹೊಳೆಯಿತು.

ನಮ್ಮ ಮನೆಯ ಡಿಶ್ ಇರುವುದು ಹೆಂಡತಿಯ ಹೆಸರಿನಲ್ಲಿ. ಅವಳ ಮೊಬೈಲೂ ಇನ್ನೂ ಇದೆ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತೇನೆ, ಯಾಕೆ ಅಂತ ಕೇಳಬೇಡಿ. ಅದರಿಂದಲೇ ಕಂಪನಿಗೆ ಫೋನ್ ಹಚ್ಚಿ, ಟಿವಿಯಲ್ಲಿ ಚಿತ್ರ ಬರುತ್ತಿಲ್ಲ, ಆರರ ಒಳಗೆ ಮೆಕ್ಯಾನಿಕ್ ಕಳಿಸಿ ಅಂದೆ. ಆಗಲಿ ಅಂದರು. ಬಿಸಿ ಮಿರ್ಚಿ ಭಜಿ ತಂದೆ, ಎರಡು ಕಪ್ ಚಹಾ ಮಾಡಿದೆ, ಎರಡು ಖುರ್ಚಿ ಹಾಕಿದೆ. ಬೇಕಂತಲೇ ವೈರನ್ನೂ ಕಿತ್ತಿಟ್ಟೆ.

ಐದೂವರೆಗೆ ನನ್ನ ಮೊಬೈಲು ಸದ್ದು ಮಾಡಿತು. ಹೊಸ ಕಂಪ್ಲೇಂಟು. ಗ್ರಾಹಕರ ಹೆಸರಿನ ಜಾಗದಲ್ಲಿ ಅವಳ ಹೆಸರು. ಅಷ್ಟು ದಿನದ ಮೇಲೆ ಆ ಹೆಸರು ನನ್ನ ಮೊಬೈಲಿನಲ್ಲಿ ಕಂಡು ಎರಡೆರಡು ಸಲ ಓದಿದೆ. ಆಮೇಲೆ ವಿಷಯ ತಲೆಗೆ ಹೋಯಿತು. ಇನ್ನೊಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

‘ನಾ ಕನಮಡ್ಯಾಗ ಅದೀನ್ರಿ, ಲಗ್ನಕ್ಕ ಬಂದೀನಿ. ನನ್ನ ಕಂಪ್ಲೇಂಟ ನಿಮಗ ಹಾಕ್ಯಾರ’ ಅಂದ. ‘ಒಂದ ಐತ್ರಿ, ನಿಮ್ಮ ಅಥಣಿ ರೋಡಿಂದು. ಯಾರೋ ಹೆಣ್ಮಗಳು, ಪಾಪ, ಕಾಯಾಕತ್ತಿರ್ತಾಳ. ಲಗೂನ ಹೋಗ್ರಿ.’

ಹೋದೆ. ಅಂದರೆ ಇದ್ದಲ್ಲೇ ಇದ್ದು ಮೊಬೈಲಿನ ಕಂಪನಿ ಆ್ಯಪ್‌ನಲ್ಲಿ ‘ತಲುಪಿದ್ದೇನೆ’ ಅಂತ ಒತ್ತಿ, ಕಿತ್ತಿದ್ದ ವೈರು ನಾನೇ ಸಿಗಿಸಿದೆ. ಆರಕ್ಕೆ ಸರಿಯಾಗಿ ಕುತ್ತಿಗೆ ಇಲ್ಲದವರು ಬಂದರು. ಸೋತೆ ಅನ್ನಲು ಬಾಯಿ ತೆರೆದೆ, ಖಾಲಿ ಮನೆಯಲ್ಲಿ ಮಾತು ಹೊರಡಲಿಲ್ಲ. ಕಂತು ಮುಗಿದ ಮೇಲೆ ‘ಕೆಲಸ ಮುಗಿದಿದೆ’ ಅಂತ ಒತ್ತಿದೆ. ಅದಕ್ಕೆ ಗ್ರಾಹಕರ ಒಟಿಪಿ ಬೇಕು. ಅವಳ ಮೊಬೈಲಿಗೆ ಬಂದದ್ದನ್ನು ನೋಡಿ ನನ್ನದರಲ್ಲಿ ಬರೆದೆ. ಸ್ವಲ್ಪ ಹೊತ್ತಿಗೆ ಅವಳ ಮೊಬೈಲು ರಿಂಗಾಯಿತು. ಕಂಪನಿಯಿಂದ ಒಬ್ಬ ಹುಡುಗಿ.

‘ಸರ್, ನಮ್ಮ ಮೆಕ್ಯಾನಿಕ್ ಹೇಳಿದ ಸಮಯಕ್ಕೆ ಬಂದಿದ್ರಾ?’

‘ನಾ ಬಾಗಲಾ ತಗ್ಯೂಕಿಂತ ಮೊದಲ ಒಳಗ ಇದ್ದಾರಿ.’

‘ಅವರ ನಡವಳಿಕೆ ಹೇಗಿತ್ತು?’

‘ಮನಷ್ಯಾ ಛಲೋ ಅದಾನ. ಆದ್ರ ಎರಡೂ ಕಪ್ ಚಾ ಅವನ ಕುಡದಾ.’

‘ಐದರಲ್ಲಿ ಎಷ್ಟು ಅಂಕ ಕೊಡ್ತೀರಾ ಸರ್?’

‘ನಾಕ ಬರ್ಕೋರಿ.’

‘ಒಂದು ಯಾಕೆ ಕಡಿಮೆ ಸರ್?’

‘ಒಂದ್ ತಾಸು ನನ್ನ ಮನ್ಯಾಗ ಕುಂತಿದ್ದಾರಿ’ ಅಂದೆ. ‘ಒಂದ್ ಮಾತ ಆಡಲಿಲ್ಲ.’

ಆ ಹುಡುಗಿ ಕಂಪನಿಯ ಪರವಾಗಿ ಕ್ಷಮೆ ಕೇಳಿದಳು. ಐದು ನಿಮಿಷದಲ್ಲಿ ನನ್ನ ಮೊಬೈಲಿಗೆ ತಾಕೀತು ಬಂತು: ‘ನಿಮ್ಮ ಮೇಲೆ ದೂರು ಬಂದಿದೆ. ಇನ್ನು ಮುಂದೆ ಈ ಗ್ರಾಹಕರ ಮನೆಯಲ್ಲಿ ಮೌನವಾಗಿರಬಾರದು. ಆತ್ಮೀಯವಾಗಿ ಮಾತನಾಡಿಸಬೇಕು.’

ಕಂಪನಿಯ ಹುಕುಂ ಮೀರಿದರೆ ನೌಕರಿಗೆ ಸಂಚಕಾರ. ಅವತ್ತಿನಿಂದ ಮನೆಯಲ್ಲಿ ಜೋರಾಗಿಯೇ ಮಾತಾಡುತ್ತೇನೆ.