ಸದಾಚಾರ ಸಂಘದ ಏಕೈಕ ಸದಸ್ಯ

ಒಂದು ಸಂಸ್ಥೆಯನ್ನು ತಿದ್ದುವುದಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯ ಸಾಕು ಎಂದು ನಾನು ಬಲವಾಗಿ ನಂಬಿದ್ದೆ. ಆ ಒಬ್ಬನಿಗೆ ಇನ್ನೊಬ್ಬ ಸಿಗದೇ ಹೋಗಬಹುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ!

ಭಾಲ್ಕಿಯಲ್ಲಿ ಪಿಯುಸಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಲೋಟ, ತಟ್ಟೆ, ಗಡಿಯಾರಗಳ ಆತ್ಮವಿಶ್ವಾಸದೊಂದಿಗೆ ನಾನು ಬೀದರಿನ ವೈದ್ಯಕೀಯ ಕಾಲೇಜೊಂದಕ್ಕೆ ಸೇರಿದೆ. ಅಲ್ಲಿ ವಿದ್ಯಾರ್ಥಿಗಳು ಕೆಂಪು, ಹಸಿರು, ನೀಲಿ, ಹಳದಿ ಎಂಬ ನಾಲ್ಕು ಸಂಘಗಳಾಗಿ ಹಂಚಿಹೋಗಿ, ಆಟ, ಚರ್ಚೆ, ರಕ್ತದಾನ, ಹಳ್ಳಿಯ ಆರೋಗ್ಯ ಶಿಬಿರ ಎಲ್ಲದರಲ್ಲೂ ವರ್ಷವಿಡೀ ಅಂಕ ಗಳಿಸುತ್ತಿದ್ದರು. ವರ್ಷದ ಕೊನೆಗೆ ಹೆಚ್ಚು ಅಂಕದ ಸಂಘಕ್ಕೊಂದು ಶೀಲ್ಡ್. ಇದು ಸ್ನೇಹಕ್ಕಾಗಿ ನಡೆಯುವ ಸ್ಪರ್ಧೆ ಎಂದು ಪ್ರಾಂಶುಪಾಲರು ಮೊದಲ ದಿನವೇ ಹೇಳಿದ್ದರು. ನಾನು ಸ್ಪರ್ಧೆ ಎಂಬುದನ್ನಷ್ಟೇ ಗಂಭೀರವಾಗಿ ತೆಗೆದುಕೊಂಡೆ.

ಮೊದಲ ತಿಂಗಳಲ್ಲೇ ಒಂದು ಘೋರ ಪ್ರಕರಣ ನಡೆಯಿತು. ಕಬಡ್ಡಿ ಚೆನ್ನಾಗಿ ಆಡುವವನೊಬ್ಬ ಎರಡು ಪ್ಲೇಟ್ ಬಿರಿಯಾನಿಗೆ ಮನಸೋತು ನೀಲಿಯಿಂದ ಕೆಂಪಿಗೆ ಹಾರಿದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಂಡಿಸಿದೆ. ವರ್ಷ ಮುಗಿಯುವ ತನಕ ಯಾರೂ ಸಂಘ ಬದಲಿಸಕೂಡದು. ಒಂದು ಸಂಘದವನು ಇನ್ನೊಂದು ಸಂಘಕ್ಕೆ ದುಡಿದರೆ ಅವನ ಸಂಘದ ಹತ್ತು ಅಂಕ ಕಡಿತ! ಮೆಸ್ಸಿನಲ್ಲಿ ಊಟದ ಗಂಟೆ ಬಾರಿಸಿದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಇದನ್ನು ನಾನು ನೈತಿಕ ಜಾಗೃತಿ ಎಂದು ಭಾವಿಸಿದೆ.

ನಾನಿನ್ನೂ ಯಾವ ಸಂಘಕ್ಕೂ ಸೇರಿರಲಿಲ್ಲವಾದ್ದರಿಂದ, ಅದೇ ಉತ್ಸಾಹದಲ್ಲಿ ಐದನೆಯದೊಂದು ಸಂಘ ಕಟ್ಟಿದೆ. ಹೆಸರು ಸದಾಚಾರ ಸಂಘ. ಬಣ್ಣ ಬಿಳಿ. ಘೋಷಣೆ ಇಲ್ಲ, ಹಲಗೆ ಬಡಿತ ಇಲ್ಲ, ಬಿರಿಯಾನಿಯಂತೂ ಇಲ್ಲವೇ ಇಲ್ಲ. ಸದಸ್ಯತ್ವದ ಅರ್ಜಿಯನ್ನು ನೂರು ಪ್ರತಿ ಝೆರಾಕ್ಸ್ ಮಾಡಿಸಿದೆ. ತೊಂಬತ್ತೊಂಬತ್ತು ಉಳಿದವು.

ಆದರೂ ಪ್ರತಿ ಶನಿವಾರ ಸಭೆ ತಪ್ಪಿಸಲಿಲ್ಲ. ಅಧ್ಯಕ್ಷನಾಗಿ ಸ್ವಾಗತಿಸುತ್ತಿದ್ದೆ, ಕಾರ್ಯದರ್ಶಿಯಾಗಿ ವರದಿ ಓದುತ್ತಿದ್ದೆ, ಸದಸ್ಯನಾಗಿ ಒಂದು ಆಕ್ಷೇಪ ಎತ್ತುತ್ತಿದ್ದೆ, ಕೊನೆಗೆ ವಂದನಾರ್ಪಣೆ ಮಾಡಿ ಫ್ಯಾನು ನಿಲ್ಲಿಸುತ್ತಿದ್ದೆ. ಹಾಜರಿ ನೂರಕ್ಕೆ ನೂರು! ಪಕ್ಕದ ಕೋಣೆಯಲ್ಲಿ ಹಸಿರು ಸಂಘದವರು ಬಿದ್ದುಬಿದ್ದು ನಗುತ್ತಿದ್ದರು. ಯಾವ ಮಾತಿಗೆ ಅಷ್ಟು ನಗುತ್ತಾರೆಂದು ಗೋಡೆಗೆ ಕಿವಿ ಹಚ್ಚಿದರೂ ತಿಳಿಯುತ್ತಿರಲಿಲ್ಲ.

ನಮ್ಮೂರು ಔರಾದಿನಿಂದ ಅವ್ವ ಫೋನು ಮಾಡುತ್ತಿದ್ದಳು.

"ಊಟಕ್ಕ ಯಾರ ಜೋಡಿ ಕುಂದರ್ತಿ?"

"ನಮ್ಮ ಸಂಘದವರ ಜೋಡಿ, ಅವ್ವ."

"ಛಲೋ ಆತು. ಹೊಂದಿಕೊಂಡು ಹೋಗ್ತಾರೇನು?"

"ಎಲ್ಲಾರದೂ ಒಂದೇ ಮನಸ್ಸು," ಎಂದೆ. ಸುಳ್ಳೇನೂ ಹೇಳಲಿಲ್ಲ.

ಹಗ್ಗ ಜಗ್ಗುವ ಸ್ಪರ್ಧೆಯ ದಿನ ದೈಹಿಕ ಶಿಕ್ಷಕರು ನನ್ನ ಹಿಂದೆ ಇಣುಕಿ ನೋಡಿದರು. "ತಮ್ಮಾ, ನಿನ್ನ ತಂಡ ಎಲ್ಲದ?"

"ನಾನೇ ತಂಡ ಅದೀನ್ರಿ ಸರ್."

"ಹಗ್ಗ ಬಿಡಪ್ಪ, ಕೈ ಸುಲೀತದ."

ತತ್ತ್ವಕ್ಕಾಗಿ ಹಗ್ಗ ಬಿಡಲಿಲ್ಲ. ಎದುರಿಗಿದ್ದ ಎಂಟು ಮಂದಿಗೆ ಜಗ್ಗುವ ಕಷ್ಟವೇ ಬೀಳಲಿಲ್ಲ. ಅವರಲ್ಲೊಬ್ಬ ಸೀನಿದ, ನಾನು ಗೆರೆ ದಾಟಿದ್ದೆ!

ಚರ್ಚಾಸ್ಪರ್ಧೆಗೆ ಪ್ರತಿ ಸಂಘದಿಂದ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಬೇಕಿತ್ತು. ಎರಡನ್ನೂ ನಾನೇ ನಿರ್ವಹಿಸಿದೆ. ಪರವಾಗಿ ಮಾತನಾಡಿದ ನನ್ನನ್ನು ವಿರೋಧವಾಗಿ ಮಾತನಾಡಿದ ನಾನು ನಿರುತ್ತರನನ್ನಾಗಿ ಮಾಡಿದೆ. ಸೋತವನನ್ನು ಸಮಾಧಾನ ಮಾಡುವ ಮನಸ್ಸು ಗೆದ್ದವನಿಗೂ ಇರಲಿಲ್ಲ. ತೀರ್ಪುಗಾರರು ಕನಿಕರಪಟ್ಟು ಏಳು ಅಂಕ ಕೊಟ್ಟರು.

ಚಳಿಗಾಲದಲ್ಲಿ ಹಲಬರ್ಗಾದಲ್ಲಿ ಆರೋಗ್ಯ ಶಿಬಿರ ನಡೆಯಿತು. ಹಸಿರಿನವರ ಜೀಪಿನಲ್ಲಿ ಒಂದು ಸೀಟು ಖಾಲಿ ಇತ್ತು. ಕರೆದರು. ನಿಯಮ ಅಡ್ಡ ಬಂದಿತು. ನಾನು ಬಸ್ಸಿನಲ್ಲಿ ಹೋದೆ. ಊರ ಅಂಚಿನಲ್ಲಿ ಕುರಿ ಹಟ್ಟಿಯ ಬಳಿ ಮೇಜು ಹಾಕಿಕೊಂಡು, ಮೊದಲು ಬಂದ ಅಜ್ಜಿಯೊಬ್ಬಳ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಗಾಳಿ ಒತ್ತುತ್ತಲೇ ಉಪ್ಪಿನ ದುಷ್ಪರಿಣಾಮಗಳ ಬಗ್ಗೆ ವಿವರಿಸತೊಡಗಿದೆ. ವಿಷಯ ವಿಸ್ತಾರವಾದಂತೆ ಪಟ್ಟಿಯೂ ಬಿಗಿಯಾಯಿತು.

"ಯಪ್ಪಾ, ಉಪ್ಪಿನ ಮಾತು ಆಮ್ಯಾಲ ಹೇಳಿಯಂತ. ಮೊದಲ್ ನನ್ನ ಕೈ ಬಿಡು!" ಎಂದು ಅಜ್ಜಿ ಕೂಗಿದಳು.

ಪಕ್ಕದ ಓಣಿಯಿಂದ ಸ್ಯಾಮ್ಯುವೆಲ್ ಓಡಿಬಂದು ಗಾಳಿ ಬಿಟ್ಟ. ಇವನು ಹಸಿರು ಸಂಘದವನು, ಬೀದರಿನ ಮೈಲೂರಿನವನು, ನರ್ಸಮ್ಮನ ಮಗ. ಬಿಪಿ ನೋಡುವುದು ಅವನಿಗೆ ಕಾಲೇಜಿಗೆ ಬರುವ ಮೊದಲೇ ಬರುತ್ತಿತ್ತು. ನನ್ನನ್ನು ಅವನು ಕರೆಯುತ್ತಿದ್ದುದು ವಕೀಲಸಾಬ ಎಂದು.

"ವಕೀಲಸಾಬ, ನೀ ಬಿಪಿ ನೋಡು, ನಾ ಹೆಸರು ಬರೀತೇನಿ. ಮತ್ತ, ಬಾಯಿ ಜರಾ ಬಂದ್ ಇಡು."

ಮಧ್ಯಾಹ್ನದ ತನಕ ಇಬ್ಬರೂ ಸೇರಿ ನಲವತ್ತು ಜನರನ್ನು ನೋಡಿದೆವು. ಅಜ್ಜಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಬೇವಿನ ಮರದ ಕೆಳಗೆ ಕುಳಿತು ಉಂಡೆವು. ಅವನು ಏನೋ ಹೇಳಿದ, ನಾನು ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

"ಮುಂದಿನ ವರ್ಷ ನಮ್ಮ ಜೋಡಿ ಬಾ," ಎಂದ. "ಯಾರರ ಸೀನಿದ್ರ ನೀ ಬೀಳ್ತಿ, ಖರೆ. ಆದ್ರೂ ನಡೀತದ."

ಹಾಸ್ಟೆಲಿಗೆ ಮರಳಿ ನನ್ನ ಸಂಘದ ದಾಖಲೆ ಪುಸ್ತಕ ತೆರೆದೆ. ನಲವತ್ತು ಹೆಸರೂ ಸ್ಯಾಮ್ಯುವೆಲನ ಅಕ್ಷರದಲ್ಲಿದ್ದವು. ಒಂದು ಸಂಘದವನು ಇನ್ನೊಂದು ಸಂಘಕ್ಕೆ ದುಡಿದಿದ್ದಾನೆ! ಮಿತ್ರನೆಂದು ನಿಯಮ ಸಡಿಲಿಸಿದರೆ ನಾನು ಎಂಥ ಸುಧಾರಕ? ಅಂಕಗಳನ್ನು ನೋಡಿಕೊಳ್ಳುವ ಸಮಿತಿಗೆ ಗೌಪ್ಯ ಪತ್ರ ಬರೆದೆ. ಹಸಿರಿಗೆ ಹತ್ತು ಅಂಕ ಕಡಿತವಾಯಿತು. ನ್ಯಾಯ ಸಮತೋಲನದಲ್ಲಿರಲಿ ಎಂದು ನನ್ನ ಸಂಘಕ್ಕೂ ಹತ್ತು ಅಂಕ ಕಡಿತ ಬೇಡಿದೆ. ಅದನ್ನೂ ಕೊಟ್ಟರು. ಇದ್ದದ್ದು ಏಳು, ಮೈನಸ್ ಮೂರಕ್ಕೆ ಇಳಿದೆವು. "ಇಳಿದೆವು" ಎನ್ನುವುದು ಸಂಘದ ಗೌರವಕ್ಕಾಗಿ.

ವರ್ಷಾಂತ್ಯಕ್ಕೆ ಹಸಿರಿನವರು ನಾಲ್ಕೇ ಅಂಕದಿಂದ ಶೀಲ್ಡ್ ಕಳೆದುಕೊಂಡರು. ವೇದಿಕೆಯ ಕೆಳಗೆ ಸ್ಯಾಮ್ಯುವೆಲ್ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ನನ್ನ ಪ್ರಾಮಾಣಿಕತೆಯನ್ನು ಅವನು ಮನಸ್ಸಿನಲ್ಲೇ ಮೆಚ್ಚುತ್ತಿರಬಹುದು ಎಂದುಕೊಂಡೆ.

ಹೊಸ ಶೈಕ್ಷಣಿಕ ವರ್ಷದ ಮೊದಲ ದಿನ ಸಂಘ ಬದಲಿಸಲು ಅವಕಾಶ ತೆರೆಯಿತು. ಹಸಿರು ಸಂಘದ ಅರ್ಜಿ ತುಂಬಿ ಕ್ಯಾಂಟೀನಿಗೆ ಹೋದೆ. ಹಸಿರಿನ ಹತ್ತು ಮಂದಿ ಒಂದು ಮೇಜಿನ ಸುತ್ತ ಚಹಾ ಕುಡಿಯುತ್ತಿದ್ದರು. ಸ್ಯಾಮ್ಯುವೆಲ್ ಅರ್ಜಿ ಕೈಗೆ ತೆಗೆದುಕೊಂಡು ಕುರ್ಚಿಯೊಂದನ್ನು ಎಳೆದ.

"ಬಾ ವಕೀಲಸಾಬ, ಕುಂದ್ರು. ಚಹಾ ಹೇಳ್ಲಿ?"

ಕುಳಿತಿದ್ದರೆ ಸಾಕಿತ್ತು. ನಾನು ಗಂಟಲು ಸರಿಪಡಿಸಿಕೊಂಡೆ!

"ಮಿತ್ರರೇ, ನಿಮ್ಮೊಳಗೆ ಒಬ್ಬನಾಗುವ ಮುನ್ನ ಒಂದು ಕ್ಷಮಾಪಣೆ," ಎಂದು ಆರಂಭಿಸಿ, ಶಿಬಿರ, ಅಕ್ಷರ, ಗೌಪ್ಯ ಪತ್ರ, ಹತ್ತು ಅಂಕ, ಎಲ್ಲವನ್ನೂ ಪೂರ್ವಾಪರ ಸಮೇತ ನಿವೇದಿಸಿದೆ.

ಸ್ಯಾಮ್ಯುವೆಲ್ ಕಪ್ಪನ್ನು ಮೇಜಿನ ಮೇಲಿಟ್ಟ.

"ಅದು ನೀ ಮಾಡಿದ್ದಾ?" ಸ್ಯಾಮ್ಯುವೆಲನ ದನಿ ಮೆತ್ತಗಿತ್ತು. "ನಾವು ಆಫೀಸಿನವರು ಕೂಡಿಸೂದ್ರಾಗ ತಪ್ಪ್ಯಾರ ಅಂತ ತಿಳ್ಕೊಂಡಿದ್ವಿ."

"ನಿಮಗೆ... ಗೊತ್ತಿರಲಿಲ್ಲವೇ?"

"ಗೌಪ್ಯ ಅಂದ್ರ ಹ್ಯಾಂಗ ಗೊತ್ತಾಗ್ತದೋ? ನಾವೆಲ್ಲ ಮರ್ತೇ ಬಿಟ್ಟಿದ್ವಿ. ಈಗ ಯಾಕ ಹೇಳ್ದಿ?"

ಈ ಪ್ರಶ್ನೆಗೆ ಪರವಾಗಿಯೂ ವಿರೋಧವಾಗಿಯೂ ಅಂಶಗಳನ್ನು ಜೋಡಿಸಿಕೊಳ್ಳತೊಡಗಿದೆ. ಒಬ್ಬೊಬ್ಬರೇ ಎದ್ದರು. ಸ್ಯಾಮ್ಯುವೆಲ್ ಅರ್ಜಿಯನ್ನು ಮಡಚಿ ಕಪ್ಪಿನ ಕೆಳಗಿಟ್ಟು, "ನಾಳಿ ನೋಡೂಣು," ಎಂದು ಹೋದ. ನನಗಾಗಿ ಎಳೆದ ಕುರ್ಚಿಯನ್ನು ಮಾತ್ರ ಯಾರೂ ಹಿಂದಕ್ಕೆ ಸರಿಸಲಿಲ್ಲ. ಕುಳಿತುಕೊಂಡೆ.

ಹನ್ನೊಂದು ಕುರ್ಚಿಗಳ ಆ ಮೇಜಿಗೆ ನಾನೊಬ್ಬನೇ. ಆದರೆ ಭಾಷಣದಲ್ಲಿ ಎಲ್ಲಿಯೂ ಒಂದು ಪದ ತಪ್ಪಿರಲಿಲ್ಲ!