ನಾನು ಪ್ಲ್ಯಾನು ಹಾಕಿದ ಹಿಮಾಲಯ

ಹೊರಡುವುದಕ್ಕಿಂತ ಹೊರಡುವ ತಯಾರಿಯಲ್ಲೇ ಹೆಚ್ಚು ಸುಖಪಡುವವರ ಪಂಗಡಕ್ಕೆ ಸೇರಿದವನು ನಾನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಮನೆಯವರನ್ನೆಲ್ಲ ಕರೆದುಕೊಂಡು ಧರ್ಮಸ್ಥಳಕ್ಕೆ ಹೊರಟಾಗ, ಯಾವ ಬಸ್ಸು ಎಷ್ಟು ಹೊತ್ತಿಗೆ, ಚೀಲಗಳು ಎಷ್ಟು, ಯಾರ ಕೈಯಲ್ಲಿ ಯಾವುದು ಎಂಬ ಪಟ್ಟಿಯನ್ನು ಎರಡು ದಿನ ಕೂತು ಬರೆದಿದ್ದೆ. ಬೆಳಿಗ್ಗೆ ನಾವುಂದದ ಬಸ್‌ಸ್ಟಾಪಿನಲ್ಲಿ ನಿಂತು ಪಟ್ಟಿಯ ಪ್ರಕಾರ ಚೀಲಗಳನ್ನು ತಾಳೆ ನೋಡುತ್ತಿರುವಾಗ ಬಸ್ಸು ಬಂತು, ನಿಂತಿತು, ಹೋಯಿತು. ಅಂದಿನಿಂದ ನನ್ನ ಹೆಂಡತಿ ಶಾರದೆ ನನ್ನ ಪಟ್ಟಿಗಳ ವಿಚಾರದಲ್ಲಿ ಒಂದು ಬಗೆಯ ಮೌನ ಪಾಲಿಸುತ್ತ ಬಂದಿದ್ದಾಳೆ. ಆ ಮೌನ ಎಷ್ಟು ಗಟ್ಟಿಯೆಂದರೆ, ನಾನು ಹಿಮಾಲಯಕ್ಕೆ ಹೋಗುತ್ತೇನೆ ಎಂದು ಹೇಳಿದಾಗಲೂ ಅವಳು ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಲಿಲ್ಲ.

ನಾನು ಆಗ ನಾವುಂದದ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಮ್ಯಾನೇಜರಾಗಿದ್ದೆ. ದೋಣಿಗಳಿಗೂ ಮೀನು ಮಾರುವವರಿಗೂ ಮಂಜುಗಡ್ಡೆ ಕೊಡುವ ಕೆಲಸ. ಮಳೆಗಾಲದಲ್ಲಿ ದೋಣಿಗಳು ದಡದ ಮೇಲೆ ಮಲಗುತ್ತವೆ, ಮೆಷಿನ್ನುಗಳು ಬಿಚ್ಚಿಕೊಂಡು ಕೂರುತ್ತವೆ, ಮ್ಯಾನೇಜರನಾದವನು ಕುರ್ಚಿಯಲ್ಲಿ ಕುಳಿತು ಏನಾದರೂ ಯೋಚನೆ ಮಾಡಬೇಕಾಗುತ್ತದೆ. ಅಂಥ ಒಂದು ಮಳೆಗಾಲದಲ್ಲಿ ಬ್ರಹ್ಮಾವರದ ನನ್ನ ಗೆಳೆಯ ಭಾಸ್ಕರ ಮಾಸ್ಟ್ರು ಒಂದು ಕಾಗದ ಹಿಡಿದುಕೊಂಡು ಬಂದರು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರು. ಐವತ್ನಾಲ್ಕರಲ್ಲೂ ಸೊಂಟದ ಸುತ್ತ ಒಂದು ಹಿಡಿ ಮಾಂಸವಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ನೋಡಿ ಅಚ್ಚು ತೆಗೆದ ಆ ಕಾಗದದಲ್ಲಿ ನೇಪಾಳದ ಅನ್ನಪೂರ್ಣ ಶಿಖರದ ಬುಡದವರೆಗೆ ನಡೆದು ಹೋಗುವ ದಾರಿಯ ವಿವರವಿತ್ತು. ಟೆಂಟು ಹೊರುವುದು ಬೇಡ, ಅಡುಗೆ ಮಾಡುವುದು ಬೇಡ. ದಿನವಿಡೀ ನಡೆಯುವುದು, ಸಂಜೆಗೆ ದಾರಿ ಬದಿಯ ಟೀ ಹೌಸ್ ಎಂಬ ಸಣ್ಣ ವಸತಿಯಲ್ಲಿ ಉಂಡು ಮಲಗುವುದು. ದಾರಿ ತೋರಿಸಲು ಗೈಡು, ಮೂಟೆ ಹೊರಲು ಇನ್ನೊಬ್ಬ. ತಂಡದಲ್ಲಿ ಕನಿಷ್ಠ ಮೂರು ಜನ ಇರಬೇಕು ಎಂಬುದೊಂದೇ ನಿಬಂಧನೆ.

ಮೂರನೆಯವರಾಗಿ ಬೈಂದೂರಿನ ಗೋಪಾಲಣ್ಣ ಸಿಕ್ಕಿದರು. ಇಪ್ಪತ್ತು ವರ್ಷ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು, ಹಿಂದಿ ಚೆನ್ನಾಗಿ ಬಲ್ಲವರು. ಅವರು ಕಾಗದವನ್ನು ಪೂರ್ತಿ ಓದಲೇ ಇಲ್ಲ. "ಚಾ ಅಂಗ್ಡಿಯಂಗೆ ಮನಿಕಂಬುದಾ? ನಾನ್ ಇಪ್ಪತ್ ವರ್ಷ ಅದನ್ನೇ ಮಾಡದ್ದಲೆ ಮಾರಾಯ್ರೆ. ಬತ್ತೆ" ಅಂದರು.

ದಸರೆ ಕಳೆದ ಮೇಲೆ ಹೊರಡುವುದೆಂದಾಯಿತು. ಯೋಜನೆಯ ಹೊಣೆ ನನ್ನದು. ಉಡುಪಿಯಿಂದ ದಿಲ್ಲಿಗೆ ರೈಲು, ಅಲ್ಲಿಂದ ಗೋರಖಪುರ, ಗಡಿಯವರೆಗೆ ಬಸ್ಸು, ಆಮೇಲೆ ಪೋಖರಾ. ಗೈಡಿನ ಹೆಸರು ಪೆಂಬಾ. ಅವನಿಗೆ ವಾರಕ್ಕೊಮ್ಮೆ ಕುಂದಾಪುರದ ಇಂಟರ್ನೆಟ್ ಅಂಗಡಿಗೆ ಹೋಗಿ ಪತ್ರ ಟೈಪು ಮಾಡಿಸುತ್ತಿದ್ದೆ. ಮೊದಲ ಪತ್ರದಲ್ಲಿ ಇಪ್ಪತ್ತೇಳು ಪ್ರಶ್ನೆಗಳಿದ್ದವು. ಎಷ್ಟು ಕಂಬಳಿ ಕೊಡುತ್ತಾರೆ, ಬಿಸಿನೀರು ಎಲ್ಲಿಯವರೆಗೆ ಸಿಗುತ್ತದೆ, ಕುಚ್ಚಲಕ್ಕಿ ಅನ್ನ ಉಂಟೇ, ಜಿಗಣೆ ಇದೆಯೇ, ಇದ್ದರೆ ಯಾವ ಗಾತ್ರದ್ದು. ಎಲ್ಲದಕ್ಕೂ ಸೇರಿಸಿ ಅವನು ಒಂದು ಸಾಲು ಬರೆದ: ಸರ್, ಚಿಂತೆ ಬೇಡ, ಕಾಲು ಗಟ್ಟಿ ಮಾಡಿಕೊಳ್ಳಿ. ಪ್ರಶ್ನೆಗಳಿಗೆ ಉತ್ತರ ಬರಲಿಲ್ಲವಲ್ಲ ಎಂದು ಬೇಸರಪಟ್ಟು ಅವನ್ನೇ ಇನ್ನೊಂದು ಕ್ರಮದಲ್ಲಿ ಜೋಡಿಸಿ ಮತ್ತೆ ಕಳಿಸಿದೆ.

ಈ ಸುದ್ದಿ ನನ್ನ ಅಕ್ಕನಿಗೆ ತಲುಪಿದ್ದು, ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ, ಐಸ್ ಪ್ಲಾಂಟಿನ ಮೆಟ್ಟಿಲ ಮೇಲೆ. ಮುತ್ತಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಭಾವ ತೀರಿಹೋದ ಮೇಲೆ ಮೀನಿನ ಬುಟ್ಟಿ ತಲೆಗೇರಿಸಿಕೊಂಡವಳು ಮೂವತ್ತು ವರ್ಷವಾದರೂ ಇಳಿಸಿರಲಿಲ್ಲ. ದೋಣಿ ಇಳಿದಾಗ ಹಸಿಮೀನು, ಮಳೆಗಾಲದಲ್ಲಿ ಒಣಮೀನು. ರಸ್ತೆಯ ಮನೆಗಳನ್ನು ಸ್ಕೂಟರಿನಲ್ಲಿ ಮೀನು ಮಾರುವವರು ಹಿಡಿದುಕೊಂಡ ಮೇಲೆ ಅವಳು ಗುಡ್ಡ ಹತ್ತಿ ಒಳಗಿನ ಮನೆಗಳಿಗೆ ಹೋಗುತ್ತಿದ್ದಳು. ಅನ್ನಪೂರ್ಣಕ್ಕೆ ಹೋಗುತ್ತಿದ್ದೇನೆ ಅಕ್ಕ ಎಂದೆ.

"ಹೊರನಾಡಿಗಾ? ಅದಕ್ಕ್ ಇಷ್ಟೆಲ್ಲ ಬರಿಯುದ್ ಎಂತಕೆ? ಬಸ್ಸಿತ್ತಲೆ" ಅಂದಳು.

ಹೊರನಾಡಿನ ಅನ್ನಪೂರ್ಣೇಶ್ವರಿ ಅಲ್ಲ, ಇದು ಬೆಟ್ಟ, ಮೇಲೆಲ್ಲ ಹಿಮ ಎಂದು ವಿವರಿಸಿದೆ. ಅವಳು ನನ್ನ ಬೆನ್ನ ಹಿಂದಿದ್ದ ಮಂಜುಗಡ್ಡೆಯ ರಾಶಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಬುಟ್ಟಿ ಎತ್ತಿಕೊಂಡು ಹೋದಳು.

ಕಾಲು ಗಟ್ಟಿ ಮಾಡಿಕೊಳ್ಳುವ ಕೆಲಸ ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಮ್ಮ ಊರಿನಲ್ಲಿ ಕಾರಣವಿಲ್ಲದೆ ನಡೆಯುವುದು ಅನುಮಾನಕ್ಕೆ ಎಡೆಕೊಡುವ ವಿಷಯ. ಹೊಸ ಬೂಟು ಹಾಕಿ, ಬೆನ್ನುಚೀಲದಲ್ಲಿ ಹತ್ತು ಕಿಲೋ ಅಕ್ಕಿ ತುಂಬಿಕೊಂಡು ತ್ರಾಸಿಯ ಕಡೆಗೆ ಹೊರಟರೆ ಪ್ರತಿ ಫರ್ಲಾಂಗಿಗೂ ಒಂದು ಬೈಕು ನಿಲ್ಲುತ್ತಿತ್ತು. "ಹ್ವಾಯ್, ಹತ್ತಿನಿ, ನಾನ್ ಆಚಿ ಬದಿಗೇ ಹೋಪ್ದ್." ಬೇಡ, ನಡೆಯುತ್ತೇನೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅವರ ತಂದೆಗೂ ನಮಗೂ ಏನಾದರೂ ಹಳೆಯ ಮನಸ್ತಾಪ ಇತ್ತೋ ಎಂದು ಅವರು ಯೋಚಿಸುವುದು ಕಾಣುತ್ತಿತ್ತು. ದಾಕ್ಷಿಣ್ಯಕ್ಕೆ ನಾನು ಹತ್ತಿಬಿಡುತ್ತಿದ್ದೆ. ಹೀಗೆ ಮೊದಲ ಎರಡು ವಾರ ನನ್ನ ನಡಿಗೆಯ ಅಭ್ಯಾಸ ಬಹುಮಟ್ಟಿಗೆ ಬೈಕಿನ ಮೇಲೆ ನಡೆಯಿತು. ಸಕ್ಕರೆ ಕಾಯಿಲೆ ಬಂದಿದೆಯಂತೆ ಎಂಬ ಸುದ್ದಿಯೂ ಹಬ್ಬಿತು; ಇಬ್ಬರು ಹಾಗಲಕಾಯಿ ತಂದುಕೊಟ್ಟರು.

ಕೊನೆಗೆ ಬೈಕು ಬರಲಾಗದ ಗುಡ್ಡದ ದಾರಿ ಹಿಡಿದೆ. ಅರ್ಧ ಏರುವಷ್ಟರಲ್ಲಿ ಎದೆಯೊಳಗೆ ಏನೋ ತಪ್ಪು ತಾಳ ಹಾಕತೊಡಗಿತು. ಒಂದು ಮುರಕಲ್ಲಿನ ಮೇಲೆ ಕುಳಿತೆ. ಹಿಂದಿನಿಂದ ಮುತ್ತಕ್ಕ ಬಂದಳು. ತಲೆಯ ಮೇಲೆ ತುಂಬಿದ ಬುಟ್ಟಿ, ಬಾಯಲ್ಲಿ ಎಲೆಯಡಿಕೆ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ.

"ಎಂತ ತಮ್ಮ, ಉಬ್ಸವಾ?"

"ಇಲ್ಲ ಅಕ್ಕ, ಸುತ್ತ ನೋಡುತ್ತಾ ಕೂತಿದ್ದೇನೆ."

"ಕೂಕೋ ಕೂಕೋ. ನಾನ್ ಮೇಲಿನ್ ಎರಡ್ ಮನಿಗ್ ಕೊಟ್ಕಂಡ್ ಬತ್ತೆ" ಎಂದು ಹೋದವಳು, ನಾನು ಎದ್ದು ಹೊರಡುವುದಕ್ಕೆ ಮೊದಲೇ ಇಳಿದು ಬಂದಳು.

ಪೆಂಬಾನ ಕಡೆಯಿಂದ ಒಂದು ನಮೂನೆ ಬಂದಿತ್ತು. ವೈದ್ಯರ ಸಹಿ ಬೇಕು. ಕುಂದಾಪುರದ ಡಾಕ್ಟರರ ಬಳಿ ಅದನ್ನು ಬರಿಯ ಸಹಿಯ ಕೆಲಸವೆಂದೇ ಒಯ್ದೆ. ಅವರು ಎದೆಗೆ ತಂತಿ ಅಂಟಿಸಿದರು, ಕಾಗದ ಎಳೆದರು, ಮತ್ತೊಮ್ಮೆ ಎಳೆದರು. ಉಡುಪಿಗೆ ಕಳಿಸಿ ಇನ್ನೊಂದು ಪರೀಕ್ಷೆ ಮಾಡಿಸಿದರು. "ನಿಮ್ಮ ಹೃದಯದ ಒಂದು ವಾಲ್ವು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಊರಲ್ಲಿ ಇದ್ದುಕೊಂಡು ಮಾತ್ರೆ ನುಂಗಿದರೆ ಏನೂ ಭಯವಿಲ್ಲ. ಆದರೆ ಅಷ್ಟು ಎತ್ತರಕ್ಕೆ ನೀವು ಹೋಗಕೂಡದು" ಎಂದರು. ಐಸ್ ಪ್ಲಾಂಟಿನವನಿಗೆ ವಾಲ್ವು ಲೀಕಾಗುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಪ್ಯಾನರು ಹಿಡಿದು ನಾನೇ ಎಷ್ಟು ವಾಲ್ವು ಬಿಗಿ ಮಾಡಿಸಿದ್ದೇನೆ. ಈ ಒಂದಕ್ಕೆ ಸ್ಪ್ಯಾನರು ನನ್ನ ಬಳಿ ಇರಲಿಲ್ಲ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಮೂವರ ತಂಡ ಇಬ್ಬರದಾಗುತ್ತದೆ, ಪ್ರಯಾಣವೇ ರದ್ದಾಗುತ್ತದೆ. ಮಾಸ್ಟ್ರು ಆಗಲೇ ಶಾಲೆಯಲ್ಲಿ ಮಕ್ಕಳಿಗೆಲ್ಲ ಹೇಳಿಕೊಂಡಿದ್ದರು. ಗೋಪಾಲಣ್ಣ ಉಣ್ಣೆ ಟೊಪ್ಪಿ ಹಾಕಿಕೊಂಡು ಬೈಂದೂರಿನ ಸೆಕೆಯಲ್ಲಿ ತಿರುಗುತ್ತಿದ್ದರು. ಪರಿಚಯದ ಇನ್ನೊಬ್ಬ ಡಾಕ್ಟರರಿಂದ ಸಹಿ ಹಾಕಿಸಿಕೊಂಡರೆ ಹೇಗೆ ಎಂಬ ಯೋಚನೆಯೂ ಬಂತು. ಬಂದದ್ದಷ್ಟೇ ಅಲ್ಲ, ಅದಕ್ಕೊಂದು ಪಟ್ಟಿಯನ್ನೂ ಮಾಡಿದೆ. ಶಾರದೆ ನನ್ನ ಜೇಬಿನಲ್ಲಿ ಮಾತ್ರೆಯ ಚೀಟಿ ಕಂಡಳು. "ಎದಿಯಂಗ್ ತೊಂದ್ರಿ ಇಟ್ಕಂಡ್ ಹೋಪುಕಿದ್ರೆ, ಅವ್ರಿಬ್ಬರಿಗೂ ಹೇಳಿ ಹೋಯ್ನಿ. ಹೊತ್ಕಂಡ್ ಬಪ್ಪರ್ ಅವ್ರೇ ಅಲ್ದಾ?" ಎಂದಳು. ಇಷ್ಟು ವರ್ಷಗಳ ಮೌನ ಮುರಿದು ಅವಳು ಹೇಳಿದ್ದು ಅಷ್ಟೇ. ಆ ಪಟ್ಟಿ ಹರಿದೆ.

ಮರುದಿನ ಬೆಳಿಗ್ಗೆ ಮೊದಲು ಸಿಕ್ಕವಳು ಮುತ್ತಕ್ಕ. ಐಸು ತುಂಬಿಸಿಕೊಳ್ಳುತ್ತಿದ್ದವಳಿಗೆ ಎಲ್ಲ ಹೇಳಿದೆ. ಅವಳು ನನ್ನ ಎದೆಯ ಮೇಲೆ ಒದ್ದೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

"ಗುಡ್ಡಿಯಂಗ್ ಕೂಕಂಡಾಗ್ಳೇ ಅಂದ್ಕಂಡೆ. ಗುಳಿಗಿ ಸರಿ ತಕೊ" ಅಂದಳು. ಆಮೇಲೆ ಬುಟ್ಟಿಗೆ ಮತ್ತೊಂದು ಹಿಡಿ ಐಸು ಹಾಕುತ್ತಾ, "ಹಂಗಾರೆ ನಿನ್ ಜಾಗ ಖಾಲಿ ಇತ್ತಾ?" ಎಂದು ಕೇಳಿದಳು.

"ಇದೆ. ಯಾರಾದರೂ ಸಿಕ್ಕರೆ ಉಳಿದಿಬ್ಬರು ಹೋಗಬಹುದು."

"ನಾನ್ ಹೋಪ್ದಾ?"

ನಾನು ನಕ್ಕೆ. ಅವಳು ನಗಲಿಲ್ಲ.

"ಮೂವತ್ ವರ್ಷ ನೆಡ್ದಿದೆ ತಮ್ಮ. ಒಂದಿನವೂ ತಲಿ ಮೇಲ್ ಎಂತದೂ ಇಲ್ದೆ ನೆಡಿಲಿಲ್ಲೆ. ಅಲ್ಲಿ ಗಂಟ್ ಹೊರುಕೆ ಬೇರೆ ಜನ ಇತ್ ಅಂದ್ಯಲೆ. ಕೈ ಬೀಸ್ಕಂಡ್ ನೆಡುದ್ ಹ್ಯಾಂಗಿರತ್ತ್ ಕಾಂಬ ಅಂತ."

ಅಕ್ಕನಿಗೆ ಏನಾದರೂ ನೋಡಬೇಕೆಂಬ ಆಸೆ ಇದೆಯೇ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಇಪ್ಪತ್ತೇಳು ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಅದೇ ಡಾಕ್ಟರರು ಅವಳನ್ನು ಪರೀಕ್ಷಿಸಿ, ಎರಡು ಸಲ ನಾಡಿ ನೋಡಿ, ಮರುಮಾತಿಲ್ಲದೆ ಸಹಿ ಹಾಕಿದರು. ನೇಪಾಳಕ್ಕೆ ಪಾಸ್‌ಪೋರ್ಟು ಬೇಕಿಲ್ಲ, ವೋಟಿನ ಗುರುತು ಚೀಟಿ ಸಾಕು. ಅದು ಅವಳ ಬಳಿ ಇತ್ತು. ಮಾಸ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. "ಮುತ್ತಕ್ಕಂಗೆ ಹಿಂದಿಯೂ ಬತ್ತಿಲ್ಲೆ. ಮೇಲೆ ಆಮ್ಲಜನಕ ಕಡಿಮೆ ಅಂತ ಇತ್ತ್. ಅಭ್ಯಾಸ ಇಲ್ದಿದ್ರೆ ಕಷ್ಟ" ಎಂದರು. ಗೋಪಾಲಣ್ಣ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, "ಅಭ್ಯಾಸದ್ ಮಾತ್ ಅವ್ಳ್ ಹತ್ರ ಆಡ್ಬೇಡಿ ಮಾಸ್ಟ್ರೆ" ಎಂದು ತೀರ್ಮಾನ ಕೊಟ್ಟರು. ಅವಳ ಅಗಲ ಪಾದಕ್ಕೆ ಹೆಂಗಸರ ಬೂಟು ಯಾವುದೂ ಹಿಡಿಸದೆ ಕುಂದಾಪುರದ ಅಂಗಡಿಯಲ್ಲಿ ಗಂಡಸರದೇ ಕೊಂಡೆವು. ಪ್ಯಾಂಟು ಹಾಕುವುದಿಲ್ಲವೆಂದು ಹಟ ಹಿಡಿದವಳನ್ನು ಸೀರೆಯ ಒಳಗೆ ಹಾಕಿಕೊಳ್ಳುವ ಒಪ್ಪಂದಕ್ಕೆ ಶಾರದೆ ತಂದಳು. ನಾನು ಹದಿನಾಲ್ಕು ಪುಟದ ಸೂಚನೆಗಳನ್ನು ಓದಿ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಕೊನೆಗೆ, "ಬಾಯಾರ್ರೆ ನೀರ್ ಕುಡಿಕ್, ಸುಸ್ತಾರೆ ಕೂಕಣ್ಕ್. ಅಷ್ಟೇ ಅಲ್ದಾ?" ಎಂದಳು. ಇನ್ನೊಮ್ಮೆ ಓದಿ ನೋಡಿದೆ. ಅಷ್ಟೇ ಇತ್ತು.

ಉಡುಪಿ ಸ್ಟೇಷನ್ನಿನಲ್ಲಿ ಮೂವರನ್ನೂ ರೈಲು ಹತ್ತಿಸಿ ಬಂದೆ. ನಂತರದ ದಿನಗಳಲ್ಲಿ ಗೋಡೆಗೆ ಅಂಟಿಸಿದ್ದ ನಕ್ಷೆಯ ಮುಂದೆ ನಿಂತು, ಇವತ್ತು ಇಲ್ಲಿರುತ್ತಾರೆ, ನಾಳೆ ಇಲ್ಲಿ ಎಂದು ಐಸು ಕೊಳ್ಳಲು ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದೆ. ಫೋನು ಬಂದಾಗ ನನ್ನ ಬೆರಳು ಸಾಮಾನ್ಯವಾಗಿ ಬೇರೆ ಕಡೆ ಇರುತ್ತಿತ್ತು. ಮೊದಲ ಫೋನು ಗೋಪಾಲಣ್ಣನದು: ಕಲ್ಲಿನ ಮೆಟ್ಟಿಲು ಮುಗಿಯುವುದೇ ಇಲ್ಲ, ಟೀ ಹೌಸಿನವರು ಚಹಾ ಕುದಿಸುವ ಕ್ರಮ ಸರಿಯಿಲ್ಲ, ತಾನು ಅಡುಗೆಮನೆಗೆ ಹೋಗಿ ತೋರಿಸಿಕೊಟ್ಟೆ ಎಂದರು. ಎರಡನೆಯ ಫೋನು ನಾಲ್ಕು ದಿನದ ಮೇಲೆ ಬಂತು, ಅದೂ ಅವರದೇ. ದನಿ ಇಳಿದಿತ್ತು. ಮಾಸ್ಟ್ರಿಗೆ ತಲೆನೋವು ಹಿಡಿದು ವಾಂತಿಯಾಗಿದೆ, ಇನ್ನು ಮೇಲೆ ಹೋಗಕೂಡದು ಎಂದು ಪೆಂಬಾ ಕಡ್ಡಾಯವಾಗಿ ಮೂಟೆ ಹೊರುವವನ ಜೊತೆ ಕೆಳಗೆ ಕಳಿಸುತ್ತಿದ್ದಾನೆ, ಜೊತೆಗೆ ತಾನೂ ಇಳಿಯುತ್ತಿದ್ದೇನೆ ಎಂದರು.

"ಅಕ್ಕ?"

"ಅವ್ಳ್ ಪೆಂಬಾನ್ ಒಟ್ಟಿಗ್ ಮೇಲ್ ಹೋತ್ಳಂಬ್ರ್. ಅಂವ ಅವ್ಳನ್ನ ದೀದಿ ಅಂತ ಕರೀತ. ಅವ್ಳ್ ಅಂವಂಗ್ ನಮ್ ಭಾಷಿಯಂಗೇ ಮಾತಾಡ್ತ್ಳ್. ಇಬ್ರಿಗೂ ಅರ್ಥ ಆತ್ತ್. ನಂಗೇ ಆತಿಲ್ಲೆ."

ಆ ದಿನ ಮತ್ತು ಮರುದಿನ ನಾನು ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಹೊತ್ತಿಗೆ ನುಂಗಿದೆನೋ, ನುಂಗಲೇ ಇಲ್ಲವೋ ನೆನಪಿಲ್ಲ. ಅವಳಿಗೆ ಏನಾದರೂ ಆದರೆ ಕಳಿಸಿದವನು ನಾನು. ಮೂರನೆಯ ದಿನ ಮಧ್ಯಾಹ್ನ ಯಾವುದೋ ಲಾಡ್ಜಿನ ಫೋನಿನಿಂದ ಅವಳ ದನಿ ಕೇಳಿತು. ಎಲ್ಲಕ್ಕಿಂತ ಮೇಲಿನ ಟೀ ಹೌಸಿಗೆ ಹೋಗಿ ಬಂದಿದ್ದಳು.

"ಏನು ಕಂಡೆ ಅಕ್ಕ?"

"ಗುಡ್ಡಿ ಎಲ್ಲ ಸುತ್ತ ನಿತ್ಕಂಡಿತ್ ತಮ್ಮ. ಹೇಳುಕ್ ಬತ್ತಿಲ್ಲೆ. ದೇವ್ರ್ ಜಾಗ ಅಂತ ಮೇಲ್ ಮೀನ್ ಮಾಂಸ ತಕಂಡ್ ಹೋಪುಕಿಲ್ಲೆ ಅಂಬ್ರ್. ನಾನ್ ಎರಡ್ ಸಲ ಕೈ ತೊಳ್ಕಂಡೆ." ಆಮೇಲೆ, "ಇವತ್ ಬಂಗ್ಡಿ ಮೀನ್ ಬಂತಾ?" ಎಂದು ಕೇಳಿದಳು.

ಮೂವರೂ ಕ್ಷೇಮವಾಗಿ ಊರಿಗೆ ಬಂದರು. ಮೂರನೆಯ ದಿನ ಮುತ್ತಕ್ಕ ಬುಟ್ಟಿ ಹಿಡಿದುಕೊಂಡು ಐಸಿಗೆ ಬಂದಳು, ಕಾಲಲ್ಲಿ ಗಂಡಸರ ಬೂಟು. ಹಿಮಾಲಯ ಹೇಗಿತ್ತು ಎಂದು ಕೇಳಿದವರಿಗೆ "ಲಾಯ್ಕ್ ಇತ್ತ್" ಎನ್ನುತ್ತಿದ್ದಳು. ಮಾಸ್ಟ್ರು ಆ ವಿಷಯ ಎತ್ತಿದರೆ ಶಾಲೆಯ ಕ್ರೀಡಾಕೂಟದ ಕಡೆ ಮಾತು ತಿರುಗಿಸುತ್ತಿದ್ದರು. ಗೋಪಾಲಣ್ಣನಿಂದ ಚಹಾದ ವಿಚಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಹೀಗಾಗಿ ವಿವರ ಬೇಕಾದವರು ನನ್ನ ಬಳಿ ಬರತೊಡಗಿದರು. ನಾನು ಯಾರಿಗೂ ಇಲ್ಲ ಎನ್ನಲಿಲ್ಲ.

ಮರುವರ್ಷ ಹಟ್ಟಿಯಂಗಡಿಯ ಒಬ್ಬ ಹುಡುಗನೂ ಅವನ ಹೊಸ ಹೆಂಡತಿಯೂ ಐಸ್ ಪ್ಲಾಂಟಿಗೆ ಹುಡುಕಿಕೊಂಡು ಬಂದರು. ಅವರೂ ಅನ್ನಪೂರ್ಣಕ್ಕೆ ಹೊರಟವರು. ಎಷ್ಟನೆಯ ದಿನ ಎಲ್ಲಿ ತಂಗಬೇಕು, ಎಲ್ಲಿಂದ ಬಿಸಿನೀರು ಸಿಗುವುದಿಲ್ಲ, ತಲೆನೋವು ಬಂದರೆ ಏನು ಮಾಡಬೇಕು, ಬೆಳಗಿನ ಬಿಸಿಲು ಮೊದಲು ಯಾವ ಶಿಖರಕ್ಕೆ ತಾಗುತ್ತದೆ, ಎಲ್ಲ ಹೇಳಿದೆ. ಒಂದು ಗಂಟೆ ಹೇಳಿದೆ. ಹುಡುಗಿಯ ಕಣ್ಣುಗಳು ಅರಳಿಕೊಂಡೇ ಇದ್ದವು. "ಮೇಲೆ ನಿಂತಾಗ ನಿಮಗೆ ಹೇಗನ್ನಿಸಿತು ಸರ್?" ಎಂದು ಅವಳು ಕೇಳಿದಳು. ನಾನು ಹೋಗಿಲ್ಲವೆಂದು ತಿದ್ದಬೇಕಾದ ಜಾಗ ಅದು. "ಅದನ್ನು ಮಾತಿನಲ್ಲಿ ಹೇಳಲಿಕ್ಕೆ ಬರುವುದಿಲ್ಲಮ್ಮ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊರಡುವಾಗ ನನ್ನ ಜೊತೆ ಒಂದು ಫೋಟೋ ಬೇಕೆಂದರು. ಪಕ್ಕದ ಮೆಟ್ಟಿಲಲ್ಲಿ ಬುಟ್ಟಿಗೆ ಐಸು ತುಂಬಿಸುತ್ತಾ ಕುಳಿತಿದ್ದ ಮೀನಿನ ಹೆಂಗಸಿನ ಕೈಗೆ ಹುಡುಗ ಮೊಬೈಲು ಕೊಟ್ಟು, ಇಲ್ಲಿ ಒತ್ತಿದರೆ ಸಾಕು ಎಂದು ತೋರಿಸಿಕೊಟ್ಟ. ಮುತ್ತಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಮ್ಮ ಮೂವರನ್ನೂ ನೋಡಿದಳು.

"ಹೊಟ್ಟಿ ಸ್ವಲ್ಪ ಒಳಗ್ ತಕೊ ತಮ್ಮ" ಅಂದಳು.

ನಾನು ಒಳಗೆ ತೆಗೆದುಕೊಂಡೆ.